ಓರಗಿತ್ತಿಗೆ ಕೊಡದ ಕೋಲು

ನನ್ನ ಬಾಯಿ ಒಳ್ಳೆಯದಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ನನ್ನ ತವರು ಶಿವನಸಮುದ್ರ. ಅಪ್ಪ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರು, ನಾವು ಅಲ್ಲೇ ಕ್ವಾರ್ಟರ್ಸಿನಲ್ಲಿದ್ದೆವು. ದಿನವೆಲ್ಲ ಯಂತ್ರದ ಸದ್ದಿನಲ್ಲಿ ಕಳೆದ ಅಪ್ಪ ಮನೆಗೆ ಬಂದ ಮೇಲೂ ಕೂಗಿಯೇ ಮಾತಾಡುತ್ತಿದ್ದರು. ಅವರಿಗೆ ಉತ್ತರ ಕೊಟ್ಟು ಕೊಟ್ಟು ನಾವು ಮಕ್ಕಳೂ ಕೂಗುವವರೇ ಆದೆವು. ಮದುವೆಯಾಗಿ ಮದ್ದೂರಿಗೆ ಬಂದ ವಾರದಲ್ಲೇ ನಮ್ಮತ್ತೆ ಪಕ್ಕದ ಮನೆಯವರಿಗೆ, "ಸೊಸೆ ಬಂದವ್ಳೋ ಮೈಕ್‌ಸೆಟ್ ಬಂದದೋ ನೋಡ್ರವ್ವ" ಅಂದಿದ್ದರಂತೆ. ಅತ್ತೆ ಬಹಳ ದಿನ ಇರಲಿಲ್ಲ, ಪಾಪ. ಆ ಮೈಕ್‌ಸೆಟ್ಟಿನ ಜೊತೆ ಬಾಳಬೇಕಾಗಿ ಬಂದದ್ದು ನನ್ನ ಓರಗಿತ್ತಿಗೆ.

ನಮ್ಮ ಮನೆ ಊರಂಚಿನ ಬೀದಿಯಲ್ಲಿತ್ತು. ಹಿಂದುಗಡೆ ಒಕ್ಕಣೆಯ ಕಣ, ಕಣದ ಆಚೆ ನಮ್ಮ ಕಬ್ಬಿನ ಗದ್ದೆ. ಅಣ್ಣತಮ್ಮಂದಿರಿಬ್ಬರಲ್ಲಿ ಭಾವ ಬೇಸಾಯ ನೋಡಿಕೊಳ್ಳುತ್ತಿದ್ದರು, ನನ್ನ ಗಂಡ ಹೈಸ್ಕೂಲಿನಲ್ಲಿ ಮೇಷ್ಟ್ರು. ಭಾವನ ಹೆಂಡತಿ ಕೆರಗೋಡಿನವಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕ ಅನ್ನುತ್ತಿದ್ದೆ. ಮಾತು ಕಮ್ಮಿ, ಕೆಲಸ ಜಾಸ್ತಿ, ಅಂಥ ಹೆಂಗಸು. ಅವಳಿಗೆ ಮಕ್ಕಳಾಗಿರಲಿಲ್ಲ.

ನನ್ನ ಮೊದಲ ಮಗಳು ಮೂರು ತಿಂಗಳ ಕೂಸಾಗಿದ್ದಾಗ ನನಗೆ ಹಾಲು ಸಾಲುತ್ತಿರಲಿಲ್ಲ. ಕೂಸು ಅತ್ತು ಅತ್ತು ಸೊರಗಿತ್ತು, ನಾನೂ ನಿದ್ದೆಗೆಟ್ಟು ಸೊರಗಿದ್ದೆ. ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ಅಕ್ಕ ಹಸುವಿನ ಹಾಲಿಗೆ ನೀರು ಬೆರೆಸಿ, ಕಾಯಿಸಿ ಆರಿಸಿ, ಒಳಲೆಯಲ್ಲಿ ಕೂಸಿಗೆ ಕುಡಿಸಿದಳು. ಕುಡಿಸುತ್ತಲೇ ಬೇಲಿಯಾಚೆಯವಳಿಗೆ, "ಪಾಪ, ಅವ್ಳ್ಗೆ ಎದೆಹಾಲು ಸಾಲ್ದು ಕಣವ್ವ" ಅಂದಳು. ಎಚ್ಚರವಾಗಿ ಬಾಗಿಲಿಗೆ ಬಂದ ನನ್ನ ಕಿವಿಗೆ ಅಷ್ಟೇ ಬಿತ್ತು. ಕೂಸು ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬಿ ಕಣ್ಣು ಮುಚ್ಚಿದ್ದು ನನಗೆ ಕಾಣಲಿಲ್ಲ. "ಹೆತ್ತೋಳ್ಗೆ ಗೊತ್ತು ಕೂಸ್ಗೆ ಏನ್ ಕುಡಿಸ್ಬೇಕು ಅಂತ. ಹೆರ್ದೇ ಇರೋರು ಕೈ ಹಾಕ್ಬ್ಯಾಡಿ" ಅಂದೆ. ನನ್ನ ದನಿ ಗೊತ್ತಲ್ಲ, ಬೀದಿಗೆಲ್ಲ ಕೇಳಿತು.

ಅಕ್ಕ ಕೂಸನ್ನು ನನ್ನ ಮಡಿಲಿಗೆ ಹಾಕಿದಳು, ಒಳಲೆ ತೊಳೆದು ಬೋರಲು ಹಾಕಿದಳು, ಒಳಗೆ ಹೋದಳು. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು. ತಿಂಗಳೊಳಗೆ ಒಲೆ ಬೇರೆಯಾಯಿತು. ಜಗಲಿ ಒಂದೇ, ಬಾವಿ ಒಂದೇ, ಅಡುಗೆಮನೆ ಎರಡು. ಮಗಳಿಗೆ ಮಾತ್ರ ಈ ಗೋಡೆ ಇರಲಿಲ್ಲ. ಅಂಬೆಗಾಲು ಬಂದದ್ದೇ ದೊಡ್ಡಮ್ಮನ ಕಡೆಗೆ ಹೋಗಿ ಉಂಡು ಬರುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನಗದು ಗೊತ್ತಿತ್ತು. ಆದರೆ ಕೇಳಿದವರಿಗೆಲ್ಲ ನಾನು ಹೇಳಿಕೊಂಡು ಬಂದದ್ದು, "ಅವಳೇ ನನ್ನ ಜೊತೆ ಮಾತು ಬಿಟ್ಟವಳು" ಅಂತ.

ಕೋಲಾಟ ನಮ್ಮ ಬೀದಿಗೆ ಬಂದದ್ದು ಇದಾದ ಮರುವರ್ಷ, ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇರಬೇಕು. ಚಿಕ್ಕರಸಿನಕೆರೆಯಿಂದ ಒಬ್ಬ ಅಜ್ಜಿ ಮಗಳ ಮನೆಗೆಂದು ಬಂದು ನಮ್ಮ ಬೀದಿಯಲ್ಲಿ ಉಳಿದುಕೊಂಡಿದ್ದರು. ತಮ್ಮ ಊರಿನಲ್ಲಿ ಅವರು ಹೆಂಗಸರಿಗೆ ಕೋಲಾಟ ಕಲಿಸುತ್ತಿದ್ದವರು. ಇಲ್ಲಿ ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ, ಸಂಜೆಯಾದರೆ ನಮ್ಮ ಕಣಕ್ಕೆ ಬಂದು ಕೂರುತ್ತಿದ್ದರು. ಒಂದು ದಿನ ಗದ್ದೆಯಿಂದ ಕಡಿದು ತಂದ ಕಬ್ಬಿನಲ್ಲಿ ನಾಲ್ಕು ಗಿಣ್ಣು ಮುರಿದು, ಎರಡನ್ನು ನನ್ನ ಕೈಗಿಟ್ಟು, "ಇಡ್ಕೊ" ಅಂದರು.

"ತಿನ್ನಕ್ಕಾ ಅಜ್ಜಿ?"

"ತಿನ್ನದು ಆಮ್ಯಾಕೆ. ನಾನ್ ಒಡೆದಂಗೆ ಒಡಿ."

ಹೊಡೆದೆ. ನನ್ನ ಕೈ ಕೇಳಬೇಕೆ, ಎರಡನೇ ಏಟಿಗೇ ಕಬ್ಬು ಸೀಳಿ ರಸ ಅಜ್ಜಿಯ ಮುಖಕ್ಕೆ ಹಾರಿತು. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಅರ್ಚಕರ ಸೊಸೆ ಬಿದ್ದು ಬಿದ್ದು ನಕ್ಕಳು. ಅಜ್ಜಿ ಮುಖ ಒರೆಸಿಕೊಂಡು ಅವಳನ್ನೂ ಕರೆದು ಅವಳ ಕೈಗೂ ಎರಡು ಗಿಣ್ಣು ಕೊಟ್ಟರು. ಮರುದಿನ ಐದು ಜನ ಆದೆವು. ಒಂದು ವಾರ ಕಬ್ಬಿನಲ್ಲೇ ಕಲಿತೆವು. ಸೆರಗೆಲ್ಲ ಅಂಟು, ಕಣದ ತುಂಬ ಇರುವೆ. ನನ್ನ ಗಂಡ ಶಾಲೆಯಿಂದ ಬಂದು ನೋಡಿ, "ಇದೇನು ಕೋಲಾಟವೋ ಆಲೆಮನೆಯೋ" ಅಂದರು. ಆಮೇಲೆ ಬೀದಿಯ ಬಡಗಿ ಗಟ್ಟಿ ಮರದಲ್ಲಿ ನಮಗೆಲ್ಲ ಕೋಲು ಮಾಡಿಕೊಟ್ಟ.

ನಾಲ್ಕು ಗಂಟೆಗೆ ಸೇರಿ ದೀಪ ಹಚ್ಚುವ ಹೊತ್ತಿಗೆ ಮುಗಿಸುತ್ತಿದ್ದೆವು. ಅಜ್ಜಿ ಹೆಜ್ಜೆ ಹೇಳಿಕೊಡುವರು, ಗಂಟಲು ದೊಡ್ಡದೆಂದು ಪದ ಹೇಳುವುದು ನನ್ನ ಪಾಲಿಗೆ ಬಂತು. ಜನ ಕೂಡಿಸುವ ಕೆಲಸವನ್ನೂ ನಾನೇ ಮೈಮೇಲೆ ಹಾಕಿಕೊಂಡೆ. ಮದ್ದೂರಿನಲ್ಲಿ ಆಗ ಎಂಥೆಂಥ ಹೆಂಗಸರಿದ್ದರು ಅಂದರೆ, ಗಂಡನಿಗೆ ವರ್ಗವಾಗಿ ಬಂದು ಆರು ತಿಂಗಳಾದರೂ ಪಕ್ಕದ ಮನೆಯ ಹೊಸ್ತಿಲು ತುಳಿಯದವರು, ಮಕ್ಕಳ ಓದಿಗೆಂದು ಹಳ್ಳಿ ಬಿಟ್ಟು ಒಂದು ಕೋಣೆ ಹಿಡಿದು ಗೋಡೆ ನೋಡುತ್ತ ಕೂತವರು. ನಾನು ಬಾಗಿಲಲ್ಲಿ ನಿಂತು, "ಬತ್ತೀರೋ, ಎತ್ಕೊಂಡ್ ಓಗ್ಲೋ?" ಅಂತ ಕೇಳುತ್ತಿದ್ದೆ. ಹೆದರಿಕೊಂಡಾದರೂ ಬರುತ್ತಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತರ ಹೆಂಡತಿಯೊಬ್ಬಳು ಮೊದಲ ದಿನ ಕೋಲು ಹಿಡಿದುಕೊಂಡೇ ಅತ್ತಳು. ಯಾಕೆ ಅಂತ ಕೇಳಿದರೆ, ಈ ಊರಿಗೆ ಬಂದ ಮೇಲೆ ಯಾರೂ ತನ್ನ ಕೈ ಹಿಡಿದು ಎಳೆದಿರಲಿಲ್ಲ ಅಂದಳು.

ಗಂಡಸರಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ಹಿರಿಯರೊಬ್ಬರು ನಮ್ಮ ಜಗಲಿಗೇ ಬಂದು ನನ್ನ ಗಂಡನಿಗೆ, "ಏನ್ ಮೇಷ್ಟ್ರೆ, ನಿಮ್ಮನೆಯೋರು ಕುಣೀತಾರಂತೆ?" ಅಂದರು. ಇವರು ಉತ್ತರ ಹುಡುಕುವಷ್ಟರಲ್ಲಿ ನಾನು ಕಿಟಕಿಯಿಂದ, "ಊ ಕಣಣ್ಣ, ನಿಮ್ಮನೆಯೋರ್ನೂ ಕಳ್ಸಿ, ಒಬ್ರು ಕಮ್ಮಿ ಅವ್ರೆ" ಅಂದೆ. ನಿಜಕ್ಕೂ ಕಮ್ಮಿ ಇದ್ದರು. ಕೋಲಾಟಕ್ಕೆ ಸರಿಸಂಖ್ಯೆ ಬೇಕು, ನಮಗೆ ಯಾವಾಗಲೂ ಒಬ್ಬರು ಕಮ್ಮಿ. ಮೂರು ದಿನ ಬಿಟ್ಟು ಆ ಹಿರಿಯರ ಸೊಸೆ ತಾನಾಗಿಯೇ ಬಂದಳು.

ಅಜ್ಜಿಯ ಕಟ್ಟಲೆಗಳು ಕೆಲವೇ. ಹೊಸಬರು ಬಂದರೆ ಬಲ್ಲವರಿಬ್ಬರ ನಡುವೆ ನಿಲ್ಲಿಸಬೇಕು. ಬೆರಳಿಗೆ ಏಟು ಬಿದ್ದರೆ ಮುಖ ಊದಿಸಬಾರದು. ಎಲ್ಲಕ್ಕೂ ದೊಡ್ಡದು ಇನ್ನೊಂದು: "ಕೋಲ್ ಇಡುದ್ ಮ್ಯಾಲೆ ಎದ್ರುಗೆ ಯಾರ್ ಬಂದ್ರೂ ಕೋಲ್ ಕೊಡ್ಬೇಕು. ಜಾತಿ ಕೇಳಂಗಿಲ್ಲ, ಜಗಳ ನೆನೆಯಂಗಿಲ್ಲ." ಕೋಲು ಕೊಡುವುದೆಂದರೆ ಎದುರಿನವರ ಕೋಲಿಗೆ ನಮ್ಮ ಕೋಲು ತಾಕಿಸುವುದು. ಈ ಮಾತನ್ನು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಮ್ಮ ಸುತ್ತಿಗೆ ಯಾರು ಬೇಕಾದರೂ ಬರಬಹುದು ಅಂತ ಹೆಮ್ಮೆಪಟ್ಟುಕೊಂಡೆ. ಒಂದು ಸಂಜೆ ಹಾಗೇ ಜಂಬ ಕೊಚ್ಚುತ್ತಿರುವಾಗ ಅಜ್ಜಿ, "ಯಾರ್ ಬೇಕಾದ್ರೂವಾ?" ಅಂತ ಕೇಳಿ ಅಕ್ಕನ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ನನ್ನ ಗಂಡ ಜಗಲಿಯಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದವರು ತಲೆ ಎತ್ತದೆ, "ಮನೆಗೆ ಮಾರಿ, ಪರರಿಗೆ ಉಪಕಾರಿ" ಅಂದರು. ಎರಡು ದಿನ ಅವರಿಗೆ ಸಾರಿಗೆ ಉಪ್ಪು ಕಮ್ಮಿ ಹಾಕಿದೆ.

ಅಜ್ಜಿ ನನ್ನನ್ನು ಕೇಳದೆಯೇ ಅಕ್ಕನನ್ನು ಕರೆದಿದ್ದರು. ಮರುದಿನ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕಣದ ಅಂಚಿನಲ್ಲಿ ನಿಂತಳು. ಆ ಅಂಚಿನಲ್ಲಿ ಯಾವ ಹೆಂಗಸು ಬಂದು ನಿಂತರೂ ಓಡಿ ಹೋಗಿ ಕೈ ಹಿಡಿಯುತ್ತಿದ್ದ ನಾನು, ಅವತ್ತು ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತ ನಿಂತೆ. ಅಜ್ಜಿಯೇ ಹೋಗಿ ಕರೆತಂದರು. ಅಕ್ಕ ಕೋಲು ಹಿಡಿದು ಒಂದು ಸುತ್ತು ಬರುವಷ್ಟರಲ್ಲಿ ನಮಗೆಲ್ಲ ಗೊತ್ತಾಯಿತು, ಅವಳು ನಮಗೆಲ್ಲರಿಗಿಂತ ಮೇಲು ಅಂತ. ಕೆರಗೋಡಿನಲ್ಲಿ ಹುಡುಗಿಯಾಗಿದ್ದಾಗಲೇ ಕಲಿತಿದ್ದಳಂತೆ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು ನಾನು ಇದನ್ನು ಕೇಳಿರಲೂ ಇಲ್ಲ.

ಈಗ ನಾನು ಮಾಡಿದ ಉಪಾಯ ಹೇಳಬೇಕು. ನಮ್ಮದು ಎರಡು ಸುತ್ತಿನ ಕೋಲಾಟ. ಒಳಸುತ್ತಿನವರು ಆರು ಜನ, ಹೊರಸುತ್ತಿನವರು ಆರು ಜನ, ಒಂದು ಸುತ್ತು ಬಲಕ್ಕೆ ಹೋದರೆ ಇನ್ನೊಂದು ಎಡಕ್ಕೆ. ಒಳಗಿನವರು ಹೊರಗಿನವರಿಗೇ ಕೋಲು ಕೊಡಬೇಕು. ಒಂದೇ ಸುತ್ತಿನಲ್ಲಿರುವವರು ಎಂದಿಗೂ ಎದುರುಬದುರಾಗುವುದಿಲ್ಲ. ಇದನ್ನು ಕಂಡುಕೊಂಡ ನಾನು ಅಕ್ಕ ಒಳಗೆ ನಿಂತರೆ ಒಳಗೆ, ಹೊರಗೆ ನಿಂತರೆ ಹೊರಗೆ ನಿಂತೆ. ಅವಳಿಗೆ ಕೋಲು ಕೊಡಬಾರದೆಂದರೆ ಅವಳ ಹಿಂದೆಯೇ ಇರಬೇಕಾಗಿತ್ತು. ಕೆಲವು ಸಲ ಪದ ಶುರುವಾಗುವ ಮುಂಚೆ ಅವಳು ಸುತ್ತು ಬದಲಿಸಿದಳು. ನಾನೂ ಬೇರೆಯವರನ್ನು ನೂಕಿಕೊಂಡು ಬದಲಿಸಿದೆ. ಎಲ್ಲರಿಗೂ ಗೊತ್ತಾಗುತ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಕಟ್ಟಲೆ ಮುರಿಯದೆ ಹಟ ಉಳಿಸಿಕೊಂಡೆ ಅಂತ ನನಗೆ ಒಳಗೊಳಗೇ ಖುಷಿ ಬೇರೆ.

ಹೀಗೆ ಎರಡು ವರ್ಷ ನಾನು ಅಕ್ಕನ ಬೆನ್ನು ನೋಡಿದೆ. ಮುಖ ನೋಡದೆ ಬರೀ ಬೆನ್ನು ನೋಡಿಯೂ ಒಬ್ಬರನ್ನು ತಿಳಿಯಬಹುದು ಅಂತ ನನಗೆ ಗೊತ್ತಿರಲಿಲ್ಲ. ಭಾವನ ಜೊತೆ ಮಾತು ಬೆಳೆದ ದಿನ ಅವಳ ಎಡಹೆಗಲು ಸ್ವಲ್ಪ ಮೇಲೇರಿರುತ್ತಿತ್ತು. ನನ್ನ ಮಗಳು ಕಣದ ಬದಿಯಲ್ಲಿ ನಕ್ಕರೆ ಅವಳ ಕುತ್ತಿಗೆ ಆ ಕಡೆಗೆ ತಿರುಗುತ್ತಿತ್ತು. ಬೀದಿಯಲ್ಲಿ ಯಾರದಾದರೂ ಸೀಮಂತವಾದ ಮರುದಿನ ಅವಳು ಕೋಲನ್ನು ಜೋರಾಗಿ ಹೊಡೆಯುತ್ತಿದ್ದಳು. ಇಂಥದ್ದೆಲ್ಲ ನನಗೆ ತಿಳಿಯತೊಡಗಿ, ಕೋಪವನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು. ಆದರೂ ಹಿಡಿದಿಟ್ಟುಕೊಂಡೆ. ತಪ್ಪು ಮಾಡಿದವರ ಕೋಪ ಬೇಗ ಆರುವುದಿಲ್ಲ.

ಮಳವಳ್ಳಿಯ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದರು. ಹೊರಗಿನ ಊರಿಗೆ ಹೋಗುವುದು ಅದೇ ಮೊದಲು, ಎಲ್ಲರಿಗೂ ಸಂಭ್ರಮ. ಅಜ್ಜಿ ಪದ ಚುರುಕು ಮಾಡಿಸಿದರು. ಆ ದಿನಗಳಲ್ಲೇ ಅಕ್ಕನ ರವಿಕೆ ಬೆನ್ನಿನ ಮೇಲೆ ಸಡಿಲವಾಗಿದ್ದು ನೋಡಿದೆ. ಆಮೇಲೆ ಉಸಿರು ಕೇಳಿಸಿತು. ಪದ ಚುರುಕಾದಾಗ ಅವಳ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಸುತ್ತು ಮುಗಿದಾಗ ಎಲ್ಲರೂ ನಗುತ್ತ ಕೂತರೆ ಅವಳು ಬೇಲಿಯ ಕಡೆ ತಿರುಗಿ, ಪಕ್ಕೆ ಹಿಡಿದುಕೊಂಡು, ಹೂ ಕೀಳುವವಳ ಹಾಗೆ ನಿಲ್ಲುತ್ತಿದ್ದಳು. ಆ ಬೇಲಿಯಲ್ಲಿ ಹೂವಿರಲಿಲ್ಲ. ಹಿಂದೆ ಇದ್ದವಳು ನಾನೊಬ್ಬಳೇ, ಕಂಡದ್ದೂ ನನಗೊಬ್ಬಳಿಗೇ.

ಮಾತು ಬಿಟ್ಟವಳಿಗೆ ಏನೆಂದು ಹೇಳುವುದು? ಹೇಳಲಿಲ್ಲ. ಪದ ನಿಧಾನ ಮಾಡಿದೆ. ಅವಳ ಉಸಿರು ಸಿಳ್ಳೆ ಹಾಕಿದ ಕೂಡಲೇ ಒಂದು ಸಾಲನ್ನು ಎಳೆದೆಳೆದು ಹೇಳುತ್ತಿದ್ದೆ, ಕೆಮ್ಮು ಬಂದಂತೆ ಮಾಡಿ ನಿಲ್ಲಿಸುತ್ತಿದ್ದೆ, ಮುಂದಿನ ಸಾಲು ಮರೆತವಳಂತೆ ಆಕಾಶ ನೋಡುತ್ತಿದ್ದೆ. ತಿಂಗಳೊಂದು ಹೀಗೇ ನಡೆಯಿತು. ಉಳಿದವರಿಗೆ ರೇಗಿಹೋಯಿತು. ಅರ್ಚಕರ ಸೊಸೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಕುಣಿದೇವು, ನಿಮ್ಮ ಪದವೇ ಡೊಂಕಾಗಿದೆಯಲ್ಲ" ಅಂದಳು. ಎಂದೂ ಮಾತಿಗೆ ಮಾತು ಕೊಡದೆ ಬಿಡದ ನಾನು ತಲೆ ತಗ್ಗಿಸಿ ನಿಂತದ್ದು ನೋಡಿ ಅಜ್ಜಿಗೆ ಅನುಮಾನ ಬಂತು. ಎಲ್ಲರೂ ಹೋದ ಮೇಲೆ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು, "ಏನಾಗದೆ ನಿನ್ಗೆ?" ಅಂದರು. ಎಲ್ಲ ಹೇಳಿದೆ.

"ನೀನ್ ಪದ ನಿದಾನ ಮಾಡುದ್ರೆ ಅವ್ಳ್ ಎದೆ ವಾಸಿ ಆಯ್ತದಾ? ಓಗಿ ಬಾಯಿ ಬುಟ್ಟು ಯೋಳು."

"ನೀವೇ ಯೋಳಿ ಅಜ್ಜಿ."

"ನಾನ್ ಯೋಳುದ್ರೆ ಏನೂ ಇಲ್ಲ ಬುಡಜ್ಜಿ ಅಂತಾಳೆ. ಕಂಡೋಳು ನೀನು. ನಾಳಿಕ್ಕೆ ಅವ್ಳ್ಗೇನಾರ ಆದ್ರೆ, ನಾನು ಪದ ನಿದಾನ ಮಾಡಿದ್ದೆ ಕಣ್ರವ್ವ ಅಂತ ಎಲ್ಲಾರ್ಗೂ ಯೋಳ್ಕೊಂಡು ತಿರುಗ್ತೀಯಾ?"

ಮರುದಿನ ಬೆಳಗ್ಗೆ ಅಕ್ಕನ ಅಡುಗೆಮನೆಯ ಬಾಗಿಲಿಗೆ ಹೋದೆ. ನನ್ನ ಬಾಗಿಲಿಂದ ಅಲ್ಲಿಗೆ ನಾಲ್ಕು ಹೆಜ್ಜೆ. ಅಕ್ಕ ಕೂತು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಏನು ಹೇಳಬೇಕು, ಹೇಗೆ ಶುರು ಮಾಡಬೇಕು, ಮೊದಲು ಕ್ಷಮೆ ಕೇಳಬೇಕೋ ಆಮೇಲೆ ಕೇಳಬೇಕೋ, ಎಲ್ಲ ಯೋಚಿಸಿಕೊಂಡು ಹೋಗಿದ್ದೆ. ಬಾಯಿ ತೆರೆದಾಗ ಬಂದದ್ದು ಇದು:

"ಸಾಯ್ಬೇಕು ಅಂತ ಇದ್ದೀಯಾ?"

ಅಕ್ಕನ ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಸರಿಯಾಗಿ ನೋಡಿದೆ, ಕಣ್ಣ ಕೆಳಗೆ ಕಪ್ಪಾಗಿತ್ತು.

"ಮೂರ್ ವರ್ಸ ಆದ್ಮ್ಯಾಲೆ ಬಂದು ಕೇಳೋ ಮಾತಾ ಇದು?" ಅಂದಳು. ಅಂದವಳಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಾನು ಹೊಸ್ತಿಲು ದಾಟಿ ಹೋಗಿ ಅವಳ ಬೆನ್ನಿಗೆ ಕೈ ಇಟ್ಟೆ. ಅಷ್ಟು ದಿನ ನೋಡಿದ್ದ ಬೆನ್ನು. ಅಂಗೈಯಡಿಯಲ್ಲಿ ಅವಳ ಎದೆ ತಾಳ ತಪ್ಪಿ ಹೊಡೆದುಕೊಳ್ಳುತ್ತಿತ್ತು. ನನಗೆ ಭಯವಾಯಿತು, ಅಳು ಬಂತು.

"ಯಾವಾಗಿಂದ ಇಂಗೆ?"

"ಚಳಿಗಾಲ್ದಿಂದ."

"ಯಾಕಕ್ಕ ಯಾರ್ಗೂ ಯೋಳ್ನಿಲ್ಲ?"

"ಯೋಳುದ್ರೆ ನಿಮ್ಮ್ ಬಾವ ಕಣಕ್ಕೆ ಓಗ್‌ಬ್ಯಾಡ ಅಂತಾರೆ." ಅವಳು ಹಿಟ್ಟಿನ ಕೈಯನ್ನೇ ನೋಡಿಕೊಂಡಳು. "ಮದ್ವೆ ಮುಂಜೀಲಿ ನನ್ನ ಯಾರ್ ಮುಂದಕ್ ಕರೀತಾರೆ ಯೋಳು. ಆ ಕಣ್ದಲ್ ಒಂದೊತ್ತು ನಾಕ್ ಜನ ನನ್ ಎದ್ರು ನಿಂತ್ಕೊಂಡು ಮೊಕ ನೋಡ್ತಾರೆ. ಅದ್ನೂ ಬುಡ್ಲಾ?"

ನನಗೆ ತಡೆಯಲಾಗಲಿಲ್ಲ. "ಅಕ್ಕ, ಅವತ್ತು ನಾನು ಅಂದಿದ್ದು..." ಅಂತ ಶುರು ಮಾಡಿದೆ. ಅವಳು ಕೈ ಎತ್ತಿ ತಡೆದಳು. "ಅದ ಎತ್ತಬ್ಯಾಡ" ಅಂದಳು. ದನಿ ಗಟ್ಟಿಯಾಗಿತ್ತು. ಅವಳಿನ್ನೂ ಅದನ್ನು ಬಿಟ್ಟಿಲ್ಲ, ಬಿಡಲು ಸಿದ್ಧಳೂ ಇಲ್ಲ ಅಂತ ತಿಳಿಯಿತು. ಬಾಯಿ ಮುಚ್ಚಿಕೊಂಡೆ.

ಮಂಡ್ಯದ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದವಳು ನಾನೇ. ಅಲ್ಲಿನ ಡಾಕ್ಟರು ನೋಡಿ ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಹೃದಯದ ಕವಾಟವೊಂದು ಕಿರಿದಾಗಿದೆ ಅಂದರು. ಎರಡು ವಾರ ಅಲ್ಲೇ ಇದ್ದೆವು. ನಮ್ಮವರು ಮಳವಳ್ಳಿಗೆ ಹೋಗಿ ನಾವಿಬ್ಬರೂ ಇಲ್ಲದೆ ಕೋಲಾಟ ಆಡಿ ಬಂದರು. ನಾನು ಅಕ್ಕನ ತಲೆ ಬಾಚುತ್ತ, ಗಂಜಿ ಕುಡಿಸುತ್ತ ಇದ್ದೆ. ಬೇಕಾದಷ್ಟು ಮಾತ್ರ ಮಾತು: ನೀರು ಕೊಡು, ಕಿಟಕಿ ಹಾಕು, ಮಗ ಉಂಡ್ಲಂತಾ? ನನ್ನ ಮಗಳನ್ನು ಅವಳು ಮಗ ಅನ್ನುತ್ತಿದ್ದಳು, ಈಗಲೂ ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಾಗನ್ನುತ್ತಾರೆ.

ಒಂದು ಮಧ್ಯಾಹ್ನ ಜಡೆ ಹೆಣೆಯುತ್ತಿದ್ದಾಗ ಅವಳು ಮುಂದೆ ನೋಡಿಕೊಂಡೇ, "ಪದ ನಿದಾನ ಮಾಡ್ತಿದ್ದೆ ಅಲ್ವಾ ನೀನು" ಅಂದಳು.

"ಗೊತ್ತಿತ್ತಾ?"

"ನಾನೇನ್ ಕಿವುಡೀನಾ?" ಅಂದಳು. "ನಾನ್ ಸುತ್ತು ಬದ್ಲಾಯಿಸ್ದಾಗೆಲ್ಲ ನೀನೂ ಓಡ್ ಬಂದು ನನ್ ಇಂದೆ ನಿಂತ್ಕೊಂಡೆ. ನಾನ್ ಬದ್ಲಾಯಿಸ್ತಿದ್ದದ್ದು ನಿನ್ ಎದ್ರುಗೆ ಬರ್ಬೇಕು ಅಂತ."

ನನ್ನ ಕೈ ಜಡೆಯ ಮೇಲೆ ನಿಂತುಹೋಯಿತು. ಅವಳು ಜಾಗ ಬದಲಿಸುವುದು ನನ್ನಿಂದ ತಪ್ಪಿಸಿಕೊಳ್ಳಲು ಅಂತ ಎರಡು ವರ್ಷ ತಿಳಿದಿದ್ದೆನಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ನೀರು ಹೊರಬಾರದು, ಭಾರ ಎತ್ತಬಾರದು ಅಂದರು. ಕೋಲಾಟ ಅಂತ ನಾನು ಕೇಳಿದೆ. "ಅದಂತೂ ಬೇಡವೇ ಬೇಡಮ್ಮ" ಅಂದರು. ಅಕ್ಕ ಸರಿ ಅಂತ ತಲೆಯಾಡಿಸಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಮಂಡ್ಯ ದಾಟುವವರೆಗೂ ಅಳುತ್ತಿದ್ದಳು. ಬೆನ್ನು ನೋಡಿಯೇ ಗೊತ್ತಾಯಿತು.

ಊರಿಗೆ ಬಂದ ಮೇಲೆ ನಾನು ಕಣಕ್ಕೆ ಹೋಗಿ, ಅಕ್ಕ ಇಲ್ಲದೆ ನಾನೂ ಕೋಲು ಹಿಡಿಯುವುದಿಲ್ಲ, ಎಲ್ಲ ನಿಲ್ಲಿಸಿಬಿಡೋಣ ಅಂತ ಕೂಗಾಡಿದೆ. ಅಜ್ಜಿಗೆ ಸಿಟ್ಟು ಬಂತು. "ಅವ್ಳ್ಗೆ ಬೇಕಾಗಿರದು ನಿನ್ ರಂಪ ಅಲ್ಲ ಕಣಮ್ಮಿ. ಕುಣಿಯಕ್ ಆಗ್ದೋರ್ಗೆ ಕೋಲ್ ಕೊಡಬಾರ್ದು ಅಂತ ಯಾರ್ ಯೋಳುದ್ರು?" ಅಂದರು. ಕಣದ ನಡುವೆ ಮೇಟಿ ಇತ್ತು, ಒಕ್ಕಣೆಯಲ್ಲಿ ಎತ್ತುಗಳನ್ನು ಕಟ್ಟಿ ಸುತ್ತಿಸುವ ಗಟ್ಟಿ ಕಂಬ. ಅದರ ಬುಡದಲ್ಲಿ ಮಣೆ ಹಾಕಿಸಿದರು. ಹೋಗಿ ಅಕ್ಕನನ್ನು ಕೈ ಹಿಡಿದು ಕರೆತಂದು, ಮೇಟಿಗೆ ಒರಗಿಸಿ ಕೂರಿಸಿ, ಅವಳ ಕೈಗೆ ಕೋಲು ಕೊಟ್ಟರು.

ಅವಳನ್ನು ಬಿಟ್ಟರೆ ನಾವು ಹನ್ನೊಂದು ಜನ. ಹೊರಗೆ ಆರು, ಒಳಗೆ ಐದು. ಪ್ರತಿ ಸಲವೂ ಹೊರಗಿನ ಒಬ್ಬಳಿಗೆ ಎದುರು ಜೋಡಿ ಇರುವುದಿಲ್ಲ. ಜೋಡಿ ಇಲ್ಲದವಳು ನಡುವಿಗೆ ಹೋಗಿ ಅಕ್ಕನಿಗೆ ನಾಲ್ಕು ಏಟು ಕೋಲು ಕೊಟ್ಟು ಬರಬೇಕು, ಅಜ್ಜಿ ಮಾಡಿದ ಹೊಸ ಕಟ್ಟಲೆ. ನನ್ನನ್ನು ಹೊರಸುತ್ತಿನಲ್ಲಿ ನಿಲ್ಲಿಸಿದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ನನಗೆ ತಪ್ಪಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಆದರೂ ಪದ ಹೇಳುತ್ತ ಹೇಳುತ್ತ ನನ್ನ ಸರದಿ ಎಷ್ಟನೆಯದು ಅಂತ ಎಣಿಸುತ್ತಿದ್ದೆ. ಗುಮಾಸ್ತರ ಹೆಂಡತಿ ಹೋಗಿ ಬಂದಳು. ಅರ್ಚಕರ ಸೊಸೆ ಹೋಗಿ ಬಂದಳು. ಅಕ್ಕ ಒಬ್ಬೊಬ್ಬರ ಮುಖ ನೋಡಿ ನಗುತ್ತ ಕೋಲು ಕೊಡುತ್ತಿದ್ದಳು.

ನನ್ನ ಸರದಿ ಬಂತು. ಅವಳ ಎದುರು ಹೋಗಿ ಬಗ್ಗಿದೆ. ಒಂದು, ಎರಡು, ಮೂರು, ಕೋಲಿಗೆ ಕೋಲು ಸರಿಯಾಗಿ ತಾಕಿತು. ನಾಲ್ಕನೆಯದನ್ನು ಅಕ್ಕ ಎತ್ತಿ ನನ್ನ ಬೆರಳ ಗಿಣ್ಣಿನ ಮೇಲೆ ಬಾರಿಸಿದಳು. ಕೈತಪ್ಪಿ ಬಿದ್ದ ಏಟಾಗಿರಲಿಲ್ಲ. ಅವಳಂಥ ಕೋಲಾಟದವಳಿಗೆ ಕೈ ತಪ್ಪುವುದಿಲ್ಲ. ನನ್ನ ಕೋಲು ಕೆಳಗೆ ಬಿತ್ತು, ಪದ ನಿಂತಿತು, ಸುತ್ತೂ ನಿಂತಿತು.

"ಇದು ಅವತ್ತಿನ್ ಮಾತ್ಗೆ" ಅಂದಳು ಅಕ್ಕ.

ಎಲ್ಲರೂ ನೋಡುತ್ತಿದ್ದರು. ಅಂದು ಬೀದಿಗೆಲ್ಲ ಕೇಳುವಂತೆ ಅಂದಿದ್ದೆನಲ್ಲ, ಇದನ್ನೂ ಎಲ್ಲರಿಗೂ ಕೇಳುವಂತೆ ಅಂದೆ: "ತಪ್ಪಾಯ್ತಕ್ಕ. ಆ ಮಾತು ಅನ್ಬಾರ್ದಾಗಿತ್ತು."

ಅಕ್ಕ ನನ್ನ ಬೆರಳನ್ನು ಹಿಡಿದು ನೋಡಿದಳು. ಆಗಲೇ ಊದತೊಡಗಿತ್ತು. ಅದನ್ನು ತನ್ನ ಸೆರಗಿನಲ್ಲಿ ಸುತ್ತಿ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡಳು, ಎಷ್ಟೋ ಹೊತ್ತು.

"ಊಂ, ಮುಗೀತು" ಅಂದಳು. "ಪದ ಯೋಳು ಈಗ. ಒಸಿ ಬಿರ್ನೆ ಯೋಳು, ನಾನ್ ಕೂತೀವ್ನಿ, ನನ್ಗೇನೂ ಆಗಕಿಲ್ಲ."

ನಾನು ಬಿದ್ದ ಕೋಲನ್ನು ಎಡಗೈಯಲ್ಲಿ ಎತ್ತಿಕೊಂಡು, ಅಳುತ್ತಲೇ, ಬಿರಬಿರನೆ ಪದ ಹೇಳಿದೆ.